ಮದಲ ಬಾಗಲಾ ಹೆಂಗ ತಗೀತಾರ ನೋಡು

ಕಸ್ತೂರಿ, ಬಣ್ಣದ ಪಟ್ಟಿ ಆಮೇಲೆ ಕೊಡು.
ಮದಲ ಬಾಗಲಾ ಹೆಂಗ ತಗೀತಾರ ನೋಡು.
ಅಂಗೈಲೆ ನೂಕಿದ್ರ ಒಂದು,
ಬೆರಳಿನ ತುದೀಲೆ ಎಳದ್ರ ಒಂದು,
ಭುಜದಲೆ ತಳ್ಳಿ ಬಂದ್ರ
ಆಕಿ ಎರಡೂ ಕೈ ಯಾವತ್ತೂ ಖಾಲಿ ಇರೂದಿಲ್ಲ, ತಿಳಕೊ.

ನಮ್ಮ ಅಬ್ಬಾ ಎತ್ತಿಗೆ ನಾಲ ಬಡೀತಿದ್ದ,
ಮೇಡ್ಲೇರಿ ರೋಡಿನ್ಯಾಗ, ಬೇವಿನ ಗಿಡದ ಬುಡಕ.
ಗೊರಸು ಮುಟ್ಟೂಕಿಂತ ಮದಲ
ಎತ್ತನ್ನ ಹತ್ತ ಮಾರು ನಡಸಿ ನೋಡೂದು.
"ಎರಿ ಹೊಲದಾಗ ನಡಿಯೂ ಎತ್ತಿಗೆ ನಾಲ ಯಾಕ?
ಡಾಂಬರಿಗೆ ಹೋಗೂದಿದ್ರ ಹೇಳು"
ಅಂತ ಬಂದ ರೊಕ್ಕಾ ತಿರುಗಿ ಕಳಸೂದು.
ಅಮ್ಮಿ ಬೈಯೂದು.
ಎತ್ತಿಗೆ ಎಂಟು ನಾಲ, ಹೆಣ್ಣಿಗೆ ಹತ್ತು ಉಗುರು.
ಎರಡ ಹೆಚ್ಚಿಗಿ. ನನಗ ಅಷ್ಟ ಬಡತಿ.

ಈಗ ಡಬ್ಬಿಗೆ ಬಾ.
ಮೆತ್ತನ ಜೆಲ್ಲು ಹದಿನೈದ ದಿನದ ಬೀಗರಿದ್ದಂಗ,
ಅಸಿಟೋನಿನ್ಯಾಗ ನೆನಿ ಇಟ್ರ ಸುಮ್ಮನ ಎದ್ದ ಹೊಕ್ಕೈತಿ.
ಗಟ್ಟಿ ಜೆಲ್ಲು ನೆನಿಯೂದಿಲ್ಲ, ಅರದ ತಗೀಬೇಕು,
ಆಕಿ ಹೂಂ ಅನ್ನೂಕಿಂತ ಮದಲ ಅದನ್ನ ಬಾಯಿಬಿಟ್ಟ ಹೇಳು.
ಬಿಲ್ಡರು ನಡುವಿಂದು. ಮುರಿಯೂ ಉಗುರಿಗೆ ಆಸರ,
ಪರೀಕ್ಷಾ ಬಂದಾಗ ಉಗುರ ಕಡಿಯೂ ಹುಡುಗ್ಯಾರಿಗೆ
ಹಲ್ಲು ಸೋಲೂವಷ್ಟ ದಪ್ಪ.

ಎರಡನೇ ಶನಿವಾರ ಬ್ಯಾಂಕಿನ ವಿಶಾಲಾಕ್ಷಿ ಮೇಡಂ ಬರತಾರ.
ನೋಟ ಎಣಸೂ ಕೈ. ಗಿಡ್ಡ ಉಗುರು, ತೆಳ್ಳನ ಮೆತ್ತನ ಜೆಲ್ಲು,
ಸೀಲಿನ ಇಂಕು ಬಡದ್ರೂ ಕಾಣದಂಥಾ ಜಾಂಬಳಿ.
ಮದಲಗಿತ್ತಿ ಬಂದ್ರ ಲಗ್ನ ಯಾವಾಗ ಅಂತ ಕೇಳಬ್ಯಾಡ,
ಅರಿಷಿಣ ಯಾವಾಗ ಅಂತ ಕೇಳು.
ಬಿಳಿ ತುದಿ ಅರಿಷಿಣದ ಮುಂದ ನಿಂದರೂದಿಲ್ಲ,
ಫೋಟೋದಾಗ ಕಾಮಾಲಿ ಬಂದಂಗ ಕಾಣತೈತಿ.

ತಸ್ಕೀನಗ ತಿಂಗಳಾಗ ಐದಾರ ದಿನ ನಮಾಜ ಇರೂದಿಲ್ಲ.
ವಜೂ ನೀರು ಉಗುರ ಮುಟ್ಟಬೇಕಲ್ಲ, ಉಳದ ದಿನ ಬರಿಗೈ.
ಆಕಿಗೆ ಸಿಪ್ಪಿ ಹಂಗ ಸುಲಿಯೂ ಬೇಸು, ಮ್ಯಾಲೆ ಕೆಂಪಂದ್ರ ಕೆಂಪು.
ಯಾಕಿಷ್ಟ ಲಗೂನ ತಗಸತೀಯವಾ ಅಂತ ಕೇಳಬ್ಯಾಡ.
ಕ್ಯಾಲೆಂಡರಿನ್ಯಾಗ ಒಂದ ಚುಕ್ಕಿ ಇಡು, ಸಾಕು.

ಖಾನಾವಳಿ ಪಾರವ್ವಗ ಜೆಲ್ಲ ಬ್ಯಾಡ ಅಂತ ನೀನ ಹೇಳು.
ದಿನಕ ಮುನ್ನೂರ ರೊಟ್ಟಿ ಬಡಿಯೂ ಕೈ,
ಒಂದ ಚೂರು ಯಾರದರ ತಾಟಿಗೆ ಹೋದ್ರ?
ಬೆಚ್ಚನ ನೀರು, ಕೊಬ್ರಿ ಎಣ್ಣಿ, ಬರೇ ಉಜ್ಜಿದ ಹೊಳಪು.
ಅರ್ಧಾ ತಾಸ ಹಿಡಿ, ಅವಸರ ಮಾಡಬ್ಯಾಡ.
ಆಕಿ ಉಗುರಿಗಾಗಿ ಬರೂದಿಲ್ಲ,
ಯಾರರ ಕೈ ಹಿಡೀಲಿ ಅಂತ ಬರತಾಳ.

ನಿನ್ನೆ ಬಂದಾಕಿನ್ನ ನೋಡಿ ನೀ ನಕ್ಕಿ.
ಫಕ್ಕೀರವ್ವ. ಹತ್ತಿ ಕ್ರಾಸಿಂಗಿನ ಹುಡುಗಿ.
"ಒಂಬತ್ತ ಉಗುರಿಗೆ ಎಷ್ಟ ತಗೋತೀರಿ?" ಅಂದ್ಲು.
ಬಲಗೈ ಹೆಬ್ಬೆರಳು ಸೀರಿ ಸೆರಗಿನ್ಯಾಗ ಮುಚ್ಚಿಟಗೊಂಡಿದ್ಲು.
ದಿನಾ ಸಂಜಿ ಆ ಉಗುರಿಲೆ
ಮೊಗ್ಗಿನ ಸಿಪ್ಪಿ ಸೀಳಿ, ಗಂಡ ಕೇಸರಾ ಕಿತ್ತು,
ಒಳಗಿನ ಎಳಿ ಕಾಯಿಗೆ ಗೀರ ಬೀಳದಂಗ ಬಿಡಬೇಕು.
ಗೀರ ಬಿದ್ರ ಮೊಗ್ಗ ಉದರತೈತಿ, ಕೂಲಿ ಉದರತೈತಿ.
ಯಾವ ಕಂಪನಿ ಜೆಲ್ಲಿಗೆ ಅಷ್ಟ ಬುದ್ಧಿ ಐತಿ?

ಒಂಬತ್ತಕ್ಕ ನವಿಲ ಬಣ್ಣ ಹಚ್ಚಿದೆ.
ಹತ್ತನೇದು ಹಸರು ಕಲಿ ಕುಂತು ಕಂದಾಗಿತ್ತು,
ಅದನ್ನ ತೊಳಿಯೂದಕ್ಕ ಹೋಗಲಿಲ್ಲ.
ಅರಾ ಹಿಡಿದು, ಅಬ್ಬಾ ನೋಡತಿದ್ದಂಗ ಕಣ್ಣ ಸಣ್ಣ ಮಾಡಿ,
ಅಂಚಿಗೆ ಬರೇ ಮೊನಿ ಕೊಟ್ಟೆ.
ಲ್ಯಾಂಪಿನ್ಯಾಗಿಂದ ಕೈ ತಗದು ಆಕಿ
ಒಂಬತ್ತನ್ನ ನೋಡಲಿಲ್ಲ.
ಆ ಒಂದರ ಮೊನಿ ತುಟಿಗೆ ಒತ್ತಿ ನೋಡಿದ್ಲು.

ಹೋಗೂ ಮುಂದ ಬಾಗಲಾ ಹೆಂಗ ತಗದ್ಲು, ನೋಡಿದೇನ?
ನಾ ನೋಡಲಿಲ್ಲ.
ಚಿಲ್ಲರಿ ಎಣಸಾಕತ್ತಿದ್ದೆ.