ಪುರಭವನದ ಗೋಲು

ನಾನು ಚೀಟಿ ಬರೆಯುವವನಾಗಿದ್ದೆ.
ಕ್ರಾಸ್ತರ ಬಲಗೈ ಪಕ್ಕ ಒಂದು ಮಡಚುವ ಕುರ್ಚಿ.
ಯಾರು ಯಾರಿಗೆ ಕೊಟ್ಟ, ಎಷ್ಟನೇ ನಿಮಿಷ,
ಪೆನ್ಸಿಲಿನಲ್ಲಿ ಗೀಚಿ ಮೈಕಿನ ಬುಡಕ್ಕೆ ಸರಿಸಬೇಕು,
ಕೆಮ್ಮು ಬಂದರೆ ನುಂಗಬೇಕು.

ವಲೇರಿಯನ್ ಕ್ರಾಸ್ತ ಶುರು ಮಾಡಿದ್ದು
ಕಿನ್ನಿಗೋಳಿಯ ಹಗ್ಗಜಗ್ಗಾಟದಲ್ಲಿ,
ನೀಲಿ ಅಂಬಾಸಿಡರ್ ದಾರಿಗಡ್ಡ ಉಂಟು
ಎಂಬ ಪ್ರಕಟಣೆಯ ನಡುನಡುವೆ.
ಆಮೇಲೆ ಆಕಾಶವಾಣಿ.
ಪಂದ್ಯಕ್ಕೆ ತೊಂಬತ್ತು ರೂಪಾಯಿಯ ಚೆಕ್ಕು,
ಮೂರು ತಿಂಗಳು ತಡ,
ಹೆಸರಿನಲ್ಲಿ ಪ್ರತಿ ಸಲವೂ ಒಂದಕ್ಷರ ತಪ್ಪು.

ರೇಡಿಯೋದಲ್ಲಿ ಎಡ ಬಲ ಇಲ್ಲ, ಎನ್ನುತ್ತಿದ್ದರು.
ಕೇಳುವವ ಎತ್ತ ಮುಖ ಮಾಡಿ ಕೂತಿದ್ದಾನೋ
ಯಾರಿಗೆ ಗೊತ್ತು?
ಹಾಗಾಗಿ ನೆಹರೂ ಮೈದಾನಕ್ಕೆ ಎರಡೇ ದಿಕ್ಕು:
ಪುರಭವನದ ಗೋಲು, ಬಸ್ ಸ್ಟ್ಯಾಂಡಿನ ಗೋಲು.
ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ,
ಬಂದರಿನಲ್ಲಿ ಕಟ್ಟಿಹಾಕಿದ ದೋಣಿಗಳಲ್ಲಿ
ಚೆಂಡು ದಾರಿ ತಪ್ಪದೆ ಉರುಳುತ್ತಿತ್ತು.

ಎಂಬತ್ತನಾಲ್ಕರ ಫೈನಲ್ಲು.
ಇನ್ನು ಎರಡೇ ನಿಮಿಷ, ಕಾರ್ನರ್ ಕಿಕ್.
ಚೆಂಡು ಯಾರದೋ ಭುಜಕ್ಕೆ ಬಡಿದು
ಬೆಂಗರೆಯ ಹಸನಬ್ಬನ ಮೊಣಕಾಲಿಗೆ ತಾಗಿ
ತನಗೇ ನಾಚಿಕೆಯಾದ ಹಾಗೆ ಒಳಗೆ ಹೋಯಿತು.
ನಾನು ಬರೆದೆ: ೬೮. ಹಸನಬ್ಬ. ಮೊಣಕಾಲು.

ಕ್ರಾಸ್ತ ಚೀಟಿ ನೋಡಿದರು. ಉಸಿರು ಎಳೆದರು.
"ಎದೆಯಲ್ಲಿ ಇಳಿಸಿಕೊಂಡ ಹಸನಬ್ಬ,
ಒಬ್ಬನನ್ನು ದಾಟಿದ, ತಿರುಗಿದ, ಎಡಗಾಲು,
ಪುರಭವನದ ಗೋಲು, ಮೇಲಿನ ಮೂಲೆ!"
ಅಷ್ಟರಲ್ಲಿ ಗೋಲಿ ಚೆಂಡು ಹೆಕ್ಕಿ
ನಡು ಮೈದಾನಕ್ಕೆ ಎಸೆದೂ ಆಗಿತ್ತು.

ವಾಪಸು ಬರುವಾಗ ಕೇಳಿದೆ, ಯಾಕೆ ಸಾರ್?
"ಒಂಬತ್ತು ವರ್ಷದ ಮೇಲೆ ಕಪ್ಪು
ಹೊಳೆ ದಾಟಿ ಬೆಂಗರೆಗೆ ಹೋಗ್ತಾ ಉಂಟು.
ಮೊಣಕಾಲಲ್ಲಿ ಹೋಗುವುದಾ ಮಾರಾಯಾ, ಅದು?"

ಕೇಬಲ್ ಟಿವಿ ಬಂತು.
ಹಂಪನಕಟ್ಟೆಯಲ್ಲಿ ಮೂರನೇ ಮಹಡಿ,
ಮೈದಾನವೇ ಕಾಣದ ಕೋಣೆ, ಎಸಿ,
ಭಾವನಿಂದ ಕಡ ತಂದ ಕೋಟು.
ಕಿವಿಯೊಳಗೆ ಒಬ್ಬ ಹುಡುಗ:
"ಸರ್, ಕಾಣ್ತಾ ಉಂಟಲ್ಲ. ಮಾತು ಸ್ವಲ್ಪ ಕಡಿಮೆ."
ಕಡಿಮೆ ಮಾಡಿದರು.
ಇನ್ನೂ ಕಡಿಮೆ ಮಾಡಿದರು.
ದಿಕ್ಕು ಹೇಳಿದರೆ ಹುಡುಗ ನಗುತ್ತಿದ್ದ.
ಮೊಣಕಾಲಿನ ಗೋಲನ್ನು ಅಲ್ಲಿ
ಮೂರು ಸಲ ತೋರಿಸುತ್ತಿದ್ದರು, ನಿಧಾನವಾಗಿ.

ಚೀಟಿಗೆ ಕೆಲಸವಿರಲಿಲ್ಲ, ಸುಮ್ಮನೆ ಎಣಿಸಿದೆ:
ಅರ್ಧ ಪಂದ್ಯಕ್ಕೆ ನಲವತ್ತೊಂದು ಮಾತು,
ಅದರಲ್ಲಿ ಹನ್ನೆರಡು ಬನಿಯನ್ ಕಂಪನಿಯದು.
ಮರುವರ್ಷ ಆ ಹುಡುಗನೇ ಕುರ್ಚಿಯಲ್ಲಿದ್ದ.
ಒಳ್ಳೆಯ ಹುಡುಗ. ಹೆಸರು ಸರಿಯಾಗಿ ಹೇಳುತ್ತಿದ್ದ.

ಕಳೆದ ಆದಿತ್ಯವಾರ ಬಂದರಿನಲ್ಲಿ,
ಹಸನಬ್ಬನ ಬಲೆ ಹಗ್ಗದ ಅಂಗಡಿ.
ಬಲ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಲೇ
ಮೊಮ್ಮಗಳಿಗೆ ಎಡಗಾಲು ಚಾಚಿ ತೋರಿಸುತ್ತಿದ್ದ:
"ಈ ಕಾಲು. ಎದೆಯಲ್ಲಿ ಇಳಿಸಿಕೊಂಡೆ, ಒಬ್ಬನನ್ನು ದಾಟಿದೆ.
ನಂಬುವುದಿಲ್ಲವಾ? ವಿಡಿಯೋ ಎಲ್ಲಿಂದ ಆಗ?
ಇಕೋ, ನೋಡಿದವರು ಇಲ್ಲೇ ಇದ್ದಾರೆ, ಕೇಳು."

ಕ್ರಾಸ್ತರು ಚಾ ಆರಿಸುತ್ತಿದ್ದರು.
ಆಪರೇಶನ್ ಆದ ಮೇಲೆ ಗಂಟಲಲ್ಲಿ
ಹಳೇ ಸ್ಟೇಷನ್ನಿನ ಗರಗರ.
ನನ್ನ ಕಡೆ ನೋಡಲಿಲ್ಲ.
ನನ್ನ ಕೈ ಮಾತ್ರ, ಹಾಳಾದ್ದು,
ಕಿಸೆಯಲ್ಲಿ ಪೆನ್ಸಿಲು ಹುಡುಕುತ್ತಿತ್ತು.

ಗ್ಲಾಸು ಕೆಳಗಿಟ್ಟರು. ಉಸಿರು ಎಳೆದರು.
"ನೀನು ಎತ್ತ ಮುಖ ಮಾಡಿ ಕೂತಿದ್ದಿ ಮಗಾ,
ಮೊದಲು ಅದು ಹೇಳು."