ರೈಟ್

ಬಾಗಿಲಿರುವುದು ಎಡಕ್ಕೆ, ಬಸ್ಸು ತಿರುಗುವುದೂ ಎಡಕ್ಕೆ.
ಆದರೂ ಫುಟ್‌ಬೋರ್ಡಿಗೆ ಜೋತುಬಿದ್ದ ಲೋಹಿತಾಕ್ಷನ ಕೂಗು:
"ರೈಟ್ ಪೋಯಿ!"

ಸ್ಟೇಟ್ ಬ್ಯಾಂಕಿನಿಂದ ತೊಕ್ಕೊಟ್ಟಿಗೆ
ಸ್ಟಾಪಿಗೊಂದು ರೈಟ್.
ನಾನು ಇಂಗ್ಲಿಷ್ ಟೀಚರು,
ಇಪ್ಪತ್ತು ವರ್ಷದಿಂದ ಅದೇ ಪದವನ್ನು
ಕೆಂಪು ಶಾಯಿಯಲ್ಲಿ ಹಾಕುತ್ತ ಬಂದವಳು.

ನಿಘಂಟು ಹೇಳುತ್ತದೆ: ಬಲ, ಸರಿ, ಹಕ್ಕು.
ನಮ್ಮಲ್ಲೂ ಹಾಗೇ ಅಲ್ಲವೇ,
ಬಲವೆಂದರೆ ಕೈ, ಬಲವೆಂದರೆ ತ್ರಾಣ;
ಪಾಪದ ಎಡಕ್ಕೆ ಎಡವುವುದಷ್ಟೇ ಪಾಲು.
ಇನ್ನೂ ಬೇರಿಗಿಳಿದರೆ ಒಂದು ನೇರ ಗೆರೆ,
ನಮ್ಮ 'ಋಜು'ವಿನ ದೂರದ ದಾಯಾದಿ.
ನೇರ! ಕಂಕನಾಡಿಯ ಈ ತಿರುವಿನಲ್ಲಿ!
ನಗು ಬಂದು ಪುಸ್ತಕ ಮುಚ್ಚಿದ್ದೆ.

ನಿನ್ನೆ ಪಂಪ್‌ವೆಲ್ಲಿನಲ್ಲಿ
ಖಾಲಿ ಮೀನುಬುಟ್ಟಿಯ ಅಪ್ಪಿಯಕ್ಕ,
ಒಂದು ಕಾಲು ಮೆಟ್ಟಿಲಲ್ಲಿ, ಇನ್ನೊಂದು ರಸ್ತೆಯಲ್ಲೇ.
ಹಿಂದಿನ ಬಸ್ಸು ಹಾರ್ನ್ ಒತ್ತಿಯೇ ಒತ್ತಿತು,
ಟೈಮಿಂಗ್ ಹೋಯಿತೆಂದು ಡ್ರೈವರ್ ಬೈದ,
ಲೋಹಿತಾಕ್ಷ ಬಾಯಿ ಬಿಡಲಿಲ್ಲ.
ಬುಟ್ಟಿ ಒಳಗೆ. ಕೈ ಕಂಬಿಗೆ.
ಜಾರಿದ ಚಪ್ಪಲಿಯನ್ನೂ ಹೆಕ್ಕಿ ಕೊಟ್ಟು,
ತಗಡಿಗೆ ಎರಡು ಬಡಿದು, ಮೆಲ್ಲಗೆ,
"ರೈಟ್."

ನನ್ನ ತೊಡೆಯ ಮೇಲೆ ಏಳನೇ ಕ್ಲಾಸಿನ ಪೇಪರು.
ಅರ್ಥ ಬರೆಯಿರಿ ಎಂದದ್ದಕ್ಕೆ ಮುನವ್ವರ್ ಬರೆದಿದ್ದ:
'ಎಲ್ಲರೂ ಹತ್ತಿ ಆಯಿತು.'
ಬೆಳಿಗ್ಗೆಯೇ ತಪ್ಪು ಹಾಕಿಯಾಗಿತ್ತು.

ನೇತ್ರಾವತಿ ಸಂಕದ ಮೇಲೆ ಪೆನ್ನು ತೆಗೆದೆ.
ಬಸ್ಸು ಕುಲುಕಿತು;
ರೈಟ್ ಸೊಟ್ಟಗೆ ಬಿತ್ತು, ಹಾಳೆಯ ಅಂಚಿನವರೆಗೂ.