ಸೊನ್ನೆಗಿಂತ ಕೆಳಗೆ, ಪೀಣ್ಯದಲ್ಲಿ

ಡಿಸೆಂಬರ್ ಮುಗಿಯುತ್ತ ಬಂದರೂ ಈ ಊರು
ಹದಿನಾಲ್ಕಕ್ಕಿಂತ ಕೆಳಗಿಳಿಯಲು ಒಪ್ಪಲಿಲ್ಲ.
ಹಾಲಿನ ಬೂತಿನ ಮುಂದೆ ಮಂಕಿ ಕ್ಯಾಪಿನ ಗಂಡಸರು
ಹಿಮಾಲಯದ ಮುಖ ಮಾಡಿಕೊಂಡು ನಿಂತಿರುತ್ತಾರೆ.
ನನಗೆ ಬೇಕಾದ ಚಳಿ ಅದಲ್ಲ.

ಜನವರಿ ಎಂಟಕ್ಕೆ ನಾವು ಹತ್ತುವ ಕಡೆ
ರಾತ್ರಿ ಮೈನಸ್ ಹತ್ತು.
ಬಾಡಿಗೆಗೆ ಸಿಕ್ಕ ಮಲಗುವ ಚೀಲದ ಮೇಲೆ ಬರೆದದ್ದು
ಸೊನ್ನೆ.
ನಡುವಿನ ಹತ್ತನ್ನು ಎಲ್ಲಿಂದ ತರಲಿ?
ಅದಕ್ಕಿಂತ ದಪ್ಪನೆಯದರ ಬೆಲೆ ಕೇಳಿ
ಚಿಲ್ಲರೆ ಇಲ್ಲ ಅಂದು ಅಂಗಡಿಯ ಮೆಟ್ಟಿಲಿಳಿದಿದ್ದೆ.

ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳ ಲೆಕ್ಕ:
ಚೀಲ, ಅದರೊಳಗೆ ಪುಕ್ಕದ ಜಾಕೆಟ್ಟು,
ಅದರೊಳಗೆ ಸ್ವೆಟರು ಎರಡು, ಅದರೊಳಗೆ ನಾನು.
ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ.

ಫಿಲೋಮಿನಾಗೆ ಪೀಣ್ಯದ ಕೋಲ್ಡ್ ಸ್ಟೋರೇಜಿನಲ್ಲಿ
ಬಟಾಣಿ ಕಾಯುವ ಕೆಲಸ, ರಾತ್ರಿ ಪಾಳಿ.
‘ಹೊರಗಿನ ಕೋಣೆ ಮೈನಸ್ ಹತ್ತು. ಅಷ್ಟು ಸಾಕು.
ಒಳಗಿನದು ಹದಿನೆಂಟು, ಅಲ್ಲಿಗೆ ಬಿಡಲ್ಲ.
ಬಾಗಿಲಾಚೆ ಸ್ಟೂಲ್ ಹಾಕ್ಕೊಂಡು ಕೂತಿರ್ತೀನಿ;
ಸತ್ತರೆ ರಿಜಿಸ್ಟರಿನಲ್ಲಿ ಬಟಾಣಿ ಅಂತಲೇ ಬರೀತೀನಿ.’

ಮೂಟೆಗಳ ನಡುವೆ ಉದ್ದಕ್ಕೆ ಮಲಗಿದೆ.
ಜಿಪ್ಪು ಕತ್ತಿನವರೆಗೆ. ಉಸಿರೆಳೆದರೆ
ಹೊಲಿಗೆ ಕಿರುಗುಟ್ಟುತ್ತದೆ.
ಸಂಜೆ ಆರೂಮುಕ್ಕಾಲರ ಮೆಜೆಸ್ಟಿಕ್ ಬಸ್ಸಿನ ಹಾಗೆ
ಎಲ್ಲರೂ ಹತ್ತಿದ್ದಾರೆ, ಯಾರೂ ಅಲುಗಾಡುವಂತಿಲ್ಲ.
ಹತ್ತು ನಿಮಿಷಕ್ಕೆ ಭುಜ,
ಆಮೇಲೆ ಮೊಣಕೈ, ಮಂಡಿ.
ಎಲ್ಲೆಲ್ಲಿ ಬಟ್ಟೆ ಬಿಗಿದಿತ್ತೋ ಅಲ್ಲಲ್ಲೇ
ಚಳಿ ಟಿಕೆಟ್ಟಿಲ್ಲದೆ ಹತ್ತಿತು.

ಮರುದಿನ ಗೋರಿಪಾಳ್ಯ.
ಹಾಸಿಗೆ ಅಂಗಡಿಯ ಬುಡನ್ ಸಾಬರು,
ಹಿಂಜುವ ಬಿಲ್ಲನ್ನು ಗೋಡೆಗೆ ನೇತುಹಾಕಿ
ಈಗ ಮಿಷಿನ್ನಿನ ಸದ್ದಿಗೆ ಅರ್ಧ ಕಿವುಡಾದವರು,
ಜಾಕೆಟ್ಟನ್ನು ಎರಡು ಬೆರಳಲ್ಲಿ ಒತ್ತಿ ಬಿಟ್ಟರು.
ಅದು ಉಬ್ಬಿ ಏಳುವವರೆಗೂ ಕಾದರು,
ಅನ್ನದ ಅಗುಳು ಹಿಚುಕಿ ನೋಡುವವರ ಹಾಗೆ.

‘ಬಾತುಕೋಳಿದು. ಒಳ್ಳೇ ಮಾಲು. ಇದರ ತಪ್ಪಲ್ಲ ತಾಯಿ.
ನಾವು ಹತ್ತಿ ತುಂಬ್ತೀವಿ ಅಂದ್ಕೊಂಡಿದೀರಾ?
ತುಂಬೋದು ಗಾಳಿ. ಹತ್ತಿ ಬರೀ ಕಾವಲು,
ಅದು ಎದ್ದು ಓಡಿಹೋಗದ ಹಾಗೆ.
ನೀವು ಒತ್ತಿ ಒತ್ತಿ ಯಜಮಾನನ್ನ ಹೊರಗೆ ಹಾಕಿ
ಕಾವಲುಗಾರನ್ನ ತಬ್ಕೊಂಡು ಮಲಗಿದಿರಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ಹಾಸಿಗೆಗೂ ಕಾಲು ಚಾಚೋಕೆ ಜಾಗ ಬೇಡವಾ?’

ನಾನು ಸುಮ್ಮನಾದೆ.
ಇಷ್ಟು ವರ್ಷ ಅದನ್ನೇ ಅಲ್ಲವೆ ಮಾಡಿದ್ದು:
ಬೆನ್ನಿಗೆ ಬೆನ್ನು, ಬುತ್ತಿಗೆ ಬ್ಯಾಗು,
ಇಬ್ಬರ ನಡುವೆ ಒಂದಂಗುಲ ಕಂಡರೆ
ಅಲ್ಲಿಗೂ ಒಬ್ಬರನ್ನು ತಳ್ಳಿ
ಸೀಟಿ ಊದಿದ್ದು.

ಬುಧವಾರ ಮತ್ತೆ ಬಟಾಣಿ.
ಕೆಳಗೆ ಫೋಮಿನ ಚಾಪೆ ಎರಡು,
(ಮೈಭಾರಕ್ಕೆ ಪುಕ್ಕ ಅಪ್ಪಚ್ಚಿ, ನೆಲದ ಚಳಿಗೆ ಆಗಿಬರುವುದಿಲ್ಲ)
ಒಂದೇ ಸ್ವೆಟರು, ಒಣಗಿದ ಕಾಲುಚೀಲ.
ಜಾಕೆಟ್ಟು ತೊಡಲಿಲ್ಲ. ಜಿಪ್ಪು ಬಿಚ್ಚಿ
ಚೀಲದ ಮೇಲೆ, ಎದೆಯಿಂದ ತೊಡೆವರೆಗೆ
ಹಗುರಾಗಿ ಹರಡಿಸಿದಳು ಫಿಲೋಮಿನಾ.
ಅದರ ತೋಳು ಎರಡೂ ಕಡೆ ಸಡಿಲ ಬಿದ್ದವು,
ಯಾರೋ ತಬ್ಬಲು ಬಂದು, ನಾಚಿ,
ಅಲ್ಲೇ ಉಳಿದ ಹಾಗೆ.

ಮೂಗಿನ ತುದಿ ಮಾತ್ರ ಸತ್ತಿತ್ತು.
ಗಂಟೆಯಾಯಿತೆಂದು ಅವಳು ಟಾರ್ಚ್ ಬಿಟ್ಟಾಗ
ಗೊರಕೆ ಹೊಡೆಯುತ್ತಿದ್ದೆನಂತೆ.
ನಾನು ನಂಬುವುದಿಲ್ಲ.

ಗೊರಗುಂಟೆಪಾಳ್ಯದಲ್ಲಿ ಬೆಳಗಿನ ಮೊದಲ ಬಸ್ಸು.
ಚೀಲವನ್ನು ಅದರ ಡಬ್ಬಿಗೆ ತುರುಕಲು ಮನಸ್ಸಾಗದೆ
ಪಕ್ಕಕ್ಕೆ ಕೂರಿಸಿಕೊಂಡೆ. ಉಬ್ಬಿಕೊಂಡು
ಒಂದು ಇಡೀ ಸೀಟು ತಿಂದಿತು.
ಕಂಡಕ್ಟರ್ ಹುಡುಗಿ ಬಂದು ಬೆರಳಲ್ಲಿ ಚುಚ್ಚಿದಳು,
‘ಏನಿದೆ ಇದರಲ್ಲಿ?’
‘ಗಾಳಿ’ ಅಂದೆ.
ಅವಳು ನಗಲಿಲ್ಲ. ನಾನಾದರೂ ನಗುತ್ತಿರಲಿಲ್ಲ.
ಎರಡು ಚೀಟಿ ಹರಿದು ಕೈಗಿಟ್ಟಳು:
ನನಗೆ ಸೊನ್ನೆ ರೂಪಾಯಿ,
ಗಾಳಿಗೆ ಹದಿನೈದು.